ಹಗಲು ಮೇಷ್ಟ್ರು, ರಾತ್ರಿ ವಿದ್ಯಾರ್ಥಿ

1972ರ ಆರಂಭದಲ್ಲಿ ಇಪ್ಪತ್ತೈದು ದಾಟಿದ ಯುವಕನೊಬ್ಬ ಉಗಾಂಡಾದ ಕಂಪಾಲಾಕ್ಕೆ ಮರಳಿ ಬಂದ. ಅಮೆರಿಕದಲ್ಲಿ ಓದಿದ್ದ, ಹಾರ್ವರ್ಡ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದ. ಊರಿನ ಮಕೆರೆರೆ ವಿಶ್ವವಿದ್ಯಾಲಯದಲ್ಲಿ ಬೋಧನಾ ಸಹಾಯಕನಾಗಿ ಸೇರಿಕೊಂಡ. ಹುಡುಗರಿಗೆ ಪಾಠ ಹೇಳುತ್ತ, ಬಿಡುವಾದಾಗ ಥೀಸಿಸ್ಸಿಗೆ ಬೇಕಾದ ಮಾಹಿತಿ ಕಲೆಹಾಕಿಕೊಳ್ಳುವುದು ಅವನ ಲೆಕ್ಕಾಚಾರವಾಗಿತ್ತು. ಆ ಆಗಸ್ಟಿನಲ್ಲಿ ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್ ಏಷ್ಯಾ ಮೂಲದವರೆಲ್ಲ 90 ದಿನಗಳಲ್ಲಿ ದೇಶ ಬಿಡಬೇಕೆಂದು ಕಟ್ಟಪ್ಪಣೆ ಹೊರಡಿಸಿದ. ಮುಂಬೈಯಲ್ಲಿ ಹುಟ್ಟಿ ಕಂಪಾಲಾದಲ್ಲಿ ಬೆಳೆದ ಗುಜರಾತಿ ಮೂಲದ ಆ ಹುಡುಗನೂ ಗಂಟುಮೂಟೆ ಕಟ್ಟಬೇಕಾಯಿತು. ಅಕ್ಟೋಬರಿನಲ್ಲಿ ಮಕೆರೆರೆಯ ಕುಲಪತಿ ಫ್ರಾಂಕ್ ಕಲಿಮುಝೊ ಅವರನ್ನು ಅಮೀನನ ಕಡೆಯವರು ಹಿಡಿದೊಯ್ದರು. ಅವರು ಮನೆಗೆ ಹಿಂತಿರುಗಲೇ ಇಲ್ಲ.

ಆ ಬೋಧನಾ ಸಹಾಯಕನ ಹೆಸರು ಮಹಮೂದ್ ಮಮ್ದಾನಿ. ನ್ಯೂಯಾರ್ಕಿನ ಮೇಯರ್ ಚುನಾವಣೆಯಲ್ಲಿ ಗೆದ್ದ ಜೊಹ್ರಾನ್‌ನ ಅಪ್ಪ, ಚಿತ್ರ ನಿರ್ದೇಶಕಿ ಮೀರಾ ನಾಯರ್ ಅವರ ಗಂಡ ಎಂದರೆ ನಮ್ಮಲ್ಲಿ ಬೇಗ ಗುರುತು ಸಿಗುತ್ತದೆ. ಆಫ್ರಿಕಾದ ವಿಶ್ವವಿದ್ಯಾಲಯಗಳ ಮಟ್ಟಿಗೆ ಮಾತ್ರ ಅವರ ಗುರುತು ಬೇರೆ. ಅಲ್ಲಿ ಮೇಷ್ಟ್ರುಗಳನ್ನು ತಯಾರು ಮಾಡುವುದು ಹೇಗೆ ಎಂಬ ಜಗಳದ ನಡುಮಧ್ಯೆ ನಲವತ್ತು ವರ್ಷ ನಿಂತ ಮನುಷ್ಯ ಅವರು. ಜಗಳ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಈ ವಿಷಯದ ವರದಿಗಳಲ್ಲಿ ‘ಸಾಮರ್ಥ್ಯ ವೃದ್ಧಿ’ ಎಂಬ ಸಪ್ಪೆ ಪದ ಎಷ್ಟು ಸಲ ಬರುತ್ತದೆಂದರೆ, ಒಳಗೆ ನಡೆದ ಹೊಡೆದಾಟವೇ ಮರೆಯಾಗಿಬಿಡುತ್ತದೆ.

ಮೊದಲು ಒಂದು ವಿಷಯ ತಿಳಿಯಾಗಬೇಕು. ಪಿಎಚ್.ಡಿ. ವಿದ್ಯಾರ್ಥಿ ಎಂದ ಕೂಡಲೇ ಹಾಸ್ಟೆಲ್ಲಿನಲ್ಲಿದ್ದು, ಫೆಲೋಶಿಪ್ಪಿನ ಹಣ ಯಾವಾಗ ಬರುತ್ತದೋ ಎಂದು ಕಾಯುವ ಹುಡುಗ ಹುಡುಗಿಯರು ನಮ್ಮ ಕಣ್ಣಿಗೆ ಕಟ್ಟುತ್ತಾರೆ. ಪೂರ್ವ ಆಫ್ರಿಕಾದಲ್ಲಿ ಆ ವಿದ್ಯಾರ್ಥಿ ಬಹುಮಟ್ಟಿಗೆ ಅದೇ ವಿಶ್ವವಿದ್ಯಾಲಯದ ಅಧ್ಯಾಪಕ. ನಲವತ್ತರ ಆಸುಪಾಸಿನ ವಯಸ್ಸು, ಸಂಸಾರ, ಸಾಲ, ಬೆಳಿಗ್ಗೆ ಮುನ್ನೂರು ಮಂದಿಯ ತರಗತಿ, ಸಂಜೆ ಇನ್ನೊಂದು ಕ್ಯಾಂಪಸ್ಸಿನಲ್ಲಿ ಪಾರ್ಟ್‌ಟೈಂ ಪಾಠ. ನೈರೋಬಿಯಲ್ಲಾದರೆ ಮತಾತು ಎಂಬ ಗದ್ದಲದ ವ್ಯಾನಿನಲ್ಲಿ ಕಂಕುಳಲ್ಲಿ ಉತ್ತರಪತ್ರಿಕೆಗಳ ಕಟ್ಟು ಇಟ್ಟುಕೊಂಡು ಒಂದು ತರಗತಿಯಿಂದ ಇನ್ನೊಂದು ತರಗತಿಗೆ ಓಟ. ರಾತ್ರಿ ಮಕ್ಕಳು ಮಲಗಿದ ಮೇಲೆ ಥೀಸಿಸ್ಸಿನ ಮೂರನೆಯ ಅಧ್ಯಾಯ. ಹೀಗಾಗಿ ಸಂಶೋಧನಾ ತರಬೇತಿ ಮತ್ತು ಅಧ್ಯಾಪಕರ ಬೆಳವಣಿಗೆ ಎಂದು ಕಡತಗಳಲ್ಲಿ ಎರಡು ತಲೆಬರಹ ಇದ್ದರೂ ನೆಲದ ಮೇಲೆ ಎರಡೂ ಒಬ್ಬನೇ ಮನುಷ್ಯನ ಪಾಡು. ಆ ಮನುಷ್ಯನಿಗೆ ಸ್ಕಾಲರ್‌ಶಿಪ್ಪಿಗಿಂತ ಮೊದಲು ಬೇಕಾಗಿರುವುದು ಸಮಯ. ನಾನು ಓದಿ ತಿಳಿದ ಮಟ್ಟಿಗೆ, ಅಲ್ಲಿ ಗೆದ್ದ ಪ್ರಯತ್ನಗಳೆಲ್ಲ ಹೇಗಾದರೂ ಮಾಡಿ ಅವನಿಗೆ ಸಮಯ ಕೊಡಿಸಿದಂಥವು. ಸೋತವು ಹಣ ಕೊಟ್ಟು ಸಮಯವನ್ನು ಮರೆತವು.

ಶುರುವಿನಲ್ಲಿ ಹೀಗಿರಲಿಲ್ಲ. 1922ರಲ್ಲಿ ಕಂಪಾಲಾದ ಗುಡ್ಡವೊಂದರ ಮೇಲೆ ತಾಂತ್ರಿಕ ಶಾಲೆಯಾಗಿ ಹುಟ್ಟಿದ ಮಕೆರೆರೆ 1949ರಲ್ಲಿ ಲಂಡನ್ ವಿಶ್ವವಿದ್ಯಾಲಯದ ನೆರಳಿಗೆ ಬಂತು. ಅದಕ್ಕೆ ಒಂದು ವರ್ಷ ಮೊದಲು ನೈಜೀರಿಯಾದ ಇಬಾದಾನ್ ಮತ್ತು ಘಾನಾದ ಲೆಗೋನ್‌ನಲ್ಲಿ ಕಾಲೇಜುಗಳು ತೆರೆದಿದ್ದವು. ಪಾಠ ಇಲ್ಲಿ, ಡಿಗ್ರಿ ಲಂಡನ್ನಿನದು. ಜಾಣ ಹುಡುಗನನ್ನು ಆರಿಸಿ ಇಂಗ್ಲೆಂಡಿಗೆ ಕಳಿಸುವುದು, ಅವನು ಡಾಕ್ಟರ್ ಆಗಿ ಬಂದು ಬಿಳಿಯ ಪ್ರೊಫೆಸರನ ಕುರ್ಚಿಯಲ್ಲಿ ಕೂರುವುದು. ಇಷ್ಟೇ ಆಗ ಅಧ್ಯಾಪಕರ ಬೆಳವಣಿಗೆ. ಅದರಲ್ಲೂ ಕೆನೆತ್ ಡಿಕೆ ಅವರಂಥವರಿದ್ದರು. ನೈಜರ್ ನದೀಮುಖಜ ಭೂಮಿಯ ವ್ಯಾಪಾರ, ರಾಜಕೀಯದ ಮೇಲೆ ಲಂಡನ್ನಿನಲ್ಲಿ ಥೀಸಿಸ್ ಬರೆದು ಊರಿಗೆ ಬಂದ ಡಿಕೆ, ನೈಜೀರಿಯಾದ ಸರ್ಕಾರಿ ಕಚೇರಿಗಳಲ್ಲಿ ಗೆದ್ದಲು ತಿನ್ನುತ್ತಿದ್ದ ಹಳೆಯ ಕಾಗದಪತ್ರಗಳ ಸರ್ವೆ ಮಾಡಿ ರಾಷ್ಟ್ರೀಯ ಪತ್ರಾಗಾರವನ್ನೇ ಕಟ್ಟಿದರು. ತನ್ನ ಮುಂದಿನವರು ಥೀಸಿಸ್ ಬರೆಯಲು ಲಂಡನ್ನಿನ ಕಪಾಟುಗಳ ಮುಂದೆಯೇ ನಿಲ್ಲಬೇಕಿಲ್ಲ ಎಂಬುದು ಅವರ ಹಟ. ಜನರ ಬಾಯಲ್ಲಿ ಉಳಿದ ಕಥನವೂ ಚರಿತ್ರೆಗೆ ಸಾಕ್ಷಿ ಎಂದು ಹೇಳಿದ ಇಬಾದಾನ್ ಪಂಥ ಬೆಳೆದದ್ದು ಹೀಗೆ. ನೈರೋಬಿಯಲ್ಲಿ 1968ರಲ್ಲಿ, ನಮ್ಮ ಓದುಗರಿಗೂ ಪರಿಚಿತರಾದ ಲೇಖಕ ಗೂಗಿ ಮತ್ತು ಇಬ್ಬರು ಗೆಳೆಯರು ಇಂಗ್ಲಿಷ್ ವಿಭಾಗವನ್ನೇ ರದ್ದು ಮಾಡಿ ಎಂದು ಟಿಪ್ಪಣಿ ಬರೆದರು. ಯಾರ ಕೈಯಲ್ಲಿ ಸಿಲೆಬಸ್ ಇದೆಯೋ ಅವರ ಕೈಯಲ್ಲೇ ಪ್ರಶ್ನೆಗಳೂ ಇರುತ್ತವೆ ಎಂಬುದು ಆ ತಲೆಮಾರಿಗೆ ಚೆನ್ನಾಗಿ ಗೊತ್ತಿತ್ತು.

ಆಮೇಲೆ ಬಂದದ್ದು ಬರಗಾಲ. ಮಕೆರೆರೆಯಲ್ಲಿ ಅಮೀನ್, ಬೇರೆ ಕಡೆ ಮಿಲಿಟರಿ ಆಡಳಿತ, ಬಿದ್ದುಹೋದ ಕೋಕೊ, ತಾಮ್ರದ ಬೆಲೆ, ಹೊರದೇಶದ ಸಾಲ. ಎಂಬತ್ತರ ದಶಕದಲ್ಲಿ ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞರು, ಮುಖ್ಯವಾಗಿ ಜಾರ್ಜ್ ಸಖರೋಪೌಲೊಸ್, ಪ್ರಾಥಮಿಕ ಶಾಲೆಗೆ ಹಾಕಿದ ಹಣಕ್ಕೆ ಬರುವಷ್ಟು ಲಾಭ ವಿಶ್ವವಿದ್ಯಾಲಯಕ್ಕೆ ಹಾಕಿದ ಹಣಕ್ಕೆ ಬರುವುದಿಲ್ಲ ಎಂದು ಲೆಕ್ಕ ತೋರಿಸಿದರು. 1986ರಲ್ಲಿ ಹರಾರೆಯಲ್ಲಿ ಆಫ್ರಿಕಾದ ಕುಲಪತಿಗಳನ್ನು ಕೂರಿಸಿಕೊಂಡು ವಿಶ್ವಬ್ಯಾಂಕ್ ಇದೇ ಧಾಟಿಯಲ್ಲಿ ಮಾತಾಡಿದ್ದನ್ನು ಅಲ್ಲಿನ ವಿದ್ವಾಂಸರು ಇಂದಿಗೂ ಕಹಿಯಾಗಿ ನೆನೆಯುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು. ಸಂಬಳ ಕರಗಿತು, ಗ್ರಂಥಾಲಯಕ್ಕೆ ಹೊಸ ಜರ್ನಲ್ ಬರುವುದು ನಿಂತಿತು, ಪ್ರೊಫೆಸರುಗಳು ಲುಸಾಕಾದಿಂದ ಲಂಡನ್ನಿಗೆ, ಲೇಗೋಸ್‌ನಿಂದ ಲಾಸ್ ಏಂಜಲೀಸ್‌ಗೆ ಹೊರಟರು.

ತೊಂಬತ್ತರ ದಶಕದಲ್ಲಿ ಮಕೆರೆರೆ ಇದಕ್ಕೊಂದು ಮದ್ದು ಕಂಡುಕೊಂಡಿತು. ಫೀಸು ಕೊಡುವವರಿಗೆ ಸಂಜೆ ತರಗತಿ. ಹತ್ತು ಹನ್ನೆರಡು ವರ್ಷಗಳಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಏಳು ಸಾವಿರದ ಆಸುಪಾಸಿನಿಂದ ಮೂವತ್ತು ಸಾವಿರ ದಾಟಿತು. ನೈರೋಬಿ ವಿಶ್ವವಿದ್ಯಾಲಯವೂ 1998ರಲ್ಲಿ ‘ಮಾಡ್ಯೂಲ್ 2’ ಎಂಬ ಹೆಸರಿನಲ್ಲಿ ಇದೇ ದಾರಿ ಹಿಡಿಯಿತು. ವಿಶ್ವಬ್ಯಾಂಕ್ ಬೆನ್ನು ತಟ್ಟಿತು. ಮೇಷ್ಟ್ರುಗಳ ಕೈಯಲ್ಲಿ ದುಡ್ಡು ಓಡಾಡಿತು, ಅದು ಸುಳ್ಳಲ್ಲ. ಆದರೆ ಪಾಠ ಮಾಡುವವರ ಸಂಖ್ಯೆ ಆ ಪ್ರಮಾಣದಲ್ಲಿ ಏರಲಿಲ್ಲ. ಹಗಲು ಪಾಠ ಮಾಡುತ್ತಿದ್ದವರೇ ಸಂಜೆಯೂ ಮಾಡಿದರು. ಸಂಶೋಧನೆಗೆ ಉಳಿದಿದ್ದ ಸಂಜೆಯೂ ಹೋಯಿತು. ಬಿತ್ತನೆಗೆಂದು ಎತ್ತಿಟ್ಟ ಬೀಜವನ್ನೇ ಬೀಸಿ ಅಂಬಲಿ ಕಾಯಿಸಿದ ಹಾಗೆ. ಈ ಕಥೆಯನ್ನು ಮಮ್ದಾನಿ 2007ರಲ್ಲಿ ‘ಸ್ಕಾಲರ್ಸ್ ಇನ್ ದ ಮಾರ್ಕೆಟ್‌ಪ್ಲೇಸ್’ ಎಂಬ ಪುಸ್ತಕದಲ್ಲಿ ಬರೆದರು. ಸ್ವಂತ ಮನೆಯ ಲೆಕ್ಕಪತ್ರವನ್ನು ಬೀದಿಗೆ ತಂದ ಪುಸ್ತಕ ಅದು.

ನೂರ ಹದಿನೆಂಟು ಡಾಕ್ಟರುಗಳು

ಮೇಷ್ಟ್ರುಗಳಿಗೆ ಪಿಎಚ್.ಡಿ. ಇಲ್ಲವೇ? ಹಾಗಾದರೆ ಕಡ್ಡಾಯ ಮಾಡೋಣ ಎಂದು ಹೊರಟಿತು ಕೆನ್ಯಾ. ಅಲ್ಲಿನ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ 2014ರಲ್ಲಿ ನಿಯಮ ತಂದು, ಉಪನ್ಯಾಸಕರಾಗಿರಬೇಕಾದರೆ ಐದು ವರ್ಷದೊಳಗೆ ಡಾಕ್ಟರೇಟ್ ಪಡೆಯಬೇಕು ಎಂದಿತು. ಓದುವುದಕ್ಕೆ ಬಿಡುವು ಎಲ್ಲಿಂದ, ಗೈಡ್ ಎಲ್ಲಿಂದ ಎಂಬುದಕ್ಕೆ ನಿಯಮದಲ್ಲಿ ಉತ್ತರವಿರಲಿಲ್ಲ. ಇರುವ ಗೈಡುಗಳ ಮನೆ ಬಾಗಿಲಲ್ಲಿ ಸರತಿ ಸಾಲು.

2019ರ ಜೂನ್‌ನಲ್ಲಿ, ನೈರೋಬಿಯ ಹೊರವಲಯದ ಜೂಜಾದಲ್ಲಿರುವ ಜೋಮೊ ಕೆನ್ಯಾಟ ಕೃಷಿ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಒಂದೇ ದಿನ 118 ಮಂದಿ ಪಿಎಚ್.ಡಿ. ಪಡೆದರು. ಅವರಲ್ಲಿ ಬಹಳಷ್ಟು ಮಂದಿ ಮ್ಯಾನೇಜ್‌ಮೆಂಟ್ ಕಡೆಯವರು. ದೇಶವೆಲ್ಲ ಹುಬ್ಬೇರಿಸಿತು, ಪತ್ರಿಕೆಗಳು ಲೇವಡಿ ಮಾಡಿದವು, ಆಯೋಗ ತನಿಖೆಗೆ ಇಳಿಯಿತು. ಒಬ್ಬ ಗೈಡಿಗೆ ಮೂವರು ಪಿಎಚ್.ಡಿ. ವಿದ್ಯಾರ್ಥಿಗಳಷ್ಟೇ ಇರಬೇಕೆಂಬ ಆಯೋಗದ್ದೇ ಮಿತಿ ಪಾಲನೆಯಾಗಿತ್ತೇ ಎಂಬ ಪ್ರಶ್ನೆ ಎದ್ದಿತು. ಆ ವಿಶ್ವವಿದ್ಯಾಲಯವನ್ನು ಹಳಿಯುವುದು ಸುಲಭ. ಅಂದು ಗೌನು ತೊಟ್ಟು ನಿಂತವರಲ್ಲಿ ನಿಜವಾಗಿ ದುಡಿದವರೂ ಇದ್ದಾರು. ಗುಮಾನಿಯ ನೆರಳು ಎಲ್ಲರ ಮೇಲೂ ಬಿತ್ತು. ತೇದಿ ನಿಗದಿ ಮಾಡಿ, ಸಮಯ ಕೊಡದೆ, ಫಲ ಕೇಳಿದರೆ ಫಲ ಬರುತ್ತದೆ. ಯಾವ ಬಗೆಯ ಫಲ ಎಂಬುದಷ್ಟೇ ಪ್ರಶ್ನೆ.

ದಕ್ಷಿಣ ಆಫ್ರಿಕಾದ್ದು ಇನ್ನೊಂದು ಬಗೆ. ಅಲ್ಲಿ ಹಣವಿದೆ, ಗ್ರಂಥಾಲಯವಿದೆ, ಲೆಕ್ಕವೂ ಕರಾರುವಾಕ್ಕಾಗಿದೆ. 2012ರ ರಾಷ್ಟ್ರೀಯ ಅಭಿವೃದ್ಧಿ ಯೋಜನೆ ಎರಡು ಗುರಿ ಹಾಕಿಕೊಂಡಿತು: 2010ರಲ್ಲಿ ವರ್ಷಕ್ಕೆ 1420 ಇದ್ದ ಡಾಕ್ಟರೇಟುಗಳು 2030ರ ಹೊತ್ತಿಗೆ 5000 ದಾಟಬೇಕು, ಪಿಎಚ್.ಡಿ. ಇರುವ ಅಧ್ಯಾಪಕರು ಶೇ 34ರಿಂದ ಶೇ 75ಕ್ಕೆ ಏರಬೇಕು. ಸರ್ಕಾರ ವಿಶ್ವವಿದ್ಯಾಲಯಗಳಿಗೆ ಹಣ ಕೊಡುವುದು ಒಂದು ಸೂತ್ರದ ಪ್ರಕಾರ. ಮಾನ್ಯತೆ ಪಡೆದ ಜರ್ನಲ್ಲಿನಲ್ಲಿ ಒಂದು ಲೇಖನ ಬಂದರೆ ಒಂದು ಯೂನಿಟ್, ಒಬ್ಬ ಪಿಎಚ್.ಡಿ. ಹೊರಬಂದರೆ ಮೂರು ಯೂನಿಟ್. ಯೂನಿಟ್ಟಿಗೆ ಇಷ್ಟು ರ್ಯಾಂಡ್. ಸಂಖ್ಯೆ ಏರಿದ್ದು ನಿಜ, ಏರಿದ್ದಕ್ಕೆ ಈ ಸೂತ್ರವೂ ಕಾರಣ. ಅದರ ಬೆನ್ನಿಗೇ ಬಂದದ್ದು ಸ್ಟೆಲೆನ್‌ಬಾಷ್ ವಿಶ್ವವಿದ್ಯಾಲಯದ ಯೋಹಾನ್ ಮೌಟನ್ ಮತ್ತು ಅವರ ಸಹೋದ್ಯೋಗಿ 2017ರಲ್ಲಿ ಪ್ರಕಟಿಸಿದ ಅಧ್ಯಯನ. 2005ರಿಂದ ಹತ್ತು ವರ್ಷಗಳಲ್ಲಿ ದಕ್ಷಿಣ ಆಫ್ರಿಕಾದವರ ಸುಮಾರು ನಾಲ್ಕು ಸಾವಿರ ಲೇಖನಗಳು ಕಾಸು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಖೊಟ್ಟಿ ಜರ್ನಲ್ಲುಗಳಲ್ಲಿ ಬಂದಿದ್ದವು. ಇಂಥ ಜರ್ನಲ್ಲುಗಳ ದೊಡ್ಡ ಸಂತೆ ನಮ್ಮ ದೇಶದಲ್ಲೇ ಇದೆ ಎಂಬುದನ್ನು ತಲೆ ತಗ್ಗಿಸಿಯೇ ಬರೆಯಬೇಕು. ಹೈದರಾಬಾದಿನ ಅಂಥದೊಂದು ಪ್ರಕಾಶನ ಕಂಪನಿಗೆ ಅಮೆರಿಕದ ನ್ಯಾಯಾಲಯ 2019ರಲ್ಲಿ 5 ಕೋಟಿ ಡಾಲರಿಗೂ ಹೆಚ್ಚು ದಂಡ ಹಾಕಿತು.

ಆದರೂ ದಕ್ಷಿಣ ಆಫ್ರಿಕಾ 2015ರಲ್ಲಿ ಶುರು ಮಾಡಿದ ಹೊಸ ತಲೆಮಾರಿನ ಅಧ್ಯಾಪಕರ ಯೋಜನೆಯಲ್ಲಿ ಒಂದು ಬುದ್ಧಿವಂತಿಕೆ ಇದೆ. ಮೊದಲು ಕಾಯಂ ಹುದ್ದೆ ಕೊಡು, ಆಮೇಲೆ ಪಿಎಚ್.ಡಿ. ಮಾಡಿಸು. ಆರು ವರ್ಷಗಳ ಈ ಅವಧಿಯಲ್ಲಿ, ಅದರಲ್ಲೂ ಮೊದಲ ವರ್ಷಗಳಲ್ಲಿ, ಪಾಠದ ಹೊರೆ ಕಡಿಮೆ. ಹಿರಿಯರೊಬ್ಬರು ಕೈ ಹಿಡಿದು ನಡೆಸುತ್ತಾರೆ. ವರ್ಣಭೇದದ ಕಾಲದಲ್ಲಿ ಹೊರಗೇ ಉಳಿದ ಕಪ್ಪು ಜನರಿಗೆ, ಹೆಣ್ಣುಮಕ್ಕಳಿಗೆ ಆದ್ಯತೆ. ಸಮಯವನ್ನು ಕಾಗದದ ಮೇಲೆ ಬರೆದು ಕೊಟ್ಟ ಅಪರೂಪದ ಸರ್ಕಾರಿ ಯೋಜನೆ.

ಗೋಡೆಗೆ ಹೊಡೆದ ಮೊಳೆ

ಸ್ವೀಡನ್ನಿನಲ್ಲಿ ಒಂದು ಹಳೆಯ ಪದ್ಧತಿ ಇದೆ. ಥೀಸಿಸ್ ಅಚ್ಚಾದ ಮೇಲೆ, ವೈವಾಕ್ಕೆ ಕೆಲವು ವಾರ ಮೊದಲು, ಅಭ್ಯರ್ಥಿ ಸುತ್ತಿಗೆ ಹಿಡಿದು ತನ್ನ ಥೀಸಿಸ್ಸನ್ನು ವಿಶ್ವವಿದ್ಯಾಲಯದ ಗೋಡೆಗೆ ಅಥವಾ ಹಲಗೆಗೆ ಮೊಳೆ ಹೊಡೆದು ನೇತುಹಾಕಬೇಕು. ಇಷ್ಟವಿದ್ದವರು ಓದಿ, ತಪ್ಪಿದ್ದರೆ ವೈವಾಕ್ಕೆ ಬಂದು ಕೇಳಿ ಎಂಬ ಪಂಥಾಹ್ವಾನ. ಮಕೆರೆರೆಯ ಅಧ್ಯಾಪಕರೂ ಹೀಗೆ ಸ್ಟಾಕ್‌ಹೋಮಿನಲ್ಲಿ, ಉಪ್ಸಾಲಾದಲ್ಲಿ ಮೊಳೆ ಹೊಡೆದಿದ್ದಾರೆ. ಸ್ವೀಡನ್ನಿನ ನೆರವು ಸಂಸ್ಥೆ ಸಿಡಾ 2000ದಿಂದ ಮಕೆರೆರೆಯ ಜೊತೆ ನಡೆಸಿದ ಸಹಯೋಗಕ್ಕೆ ‘ಸ್ಯಾಂಡ್‌ವಿಚ್’ ಎಂಬ ಅಡ್ಡಹೆಸರು. ಅಧ್ಯಾಪಕ ವರ್ಷದಲ್ಲಿ ಕೆಲವು ತಿಂಗಳು ಸ್ವೀಡನ್ನಿಗೆ ಹೋಗಿ ಪ್ರಯೋಗಾಲಯ, ಗ್ರಂಥಾಲಯ ಬಳಸಿಕೊಳ್ಳುತ್ತಿದ್ದ. ಉಳಿದ ತಿಂಗಳು ಉಗಾಂಡಾದ ಹಳ್ಳಿಗಳಲ್ಲಿ, ಆಸ್ಪತ್ರೆಗಳಲ್ಲಿ ಮಾಹಿತಿ ಸಂಗ್ರಹ. ಅಲ್ಲೊಬ್ಬ ಗೈಡ್, ಇಲ್ಲೊಬ್ಬ ಗೈಡ್. ಥೀಸಿಸ್ ಎಂದರೆ ಪ್ರಕಟವಾದ ನಾಲ್ಕಾರು ಲೇಖನಗಳ ಕಟ್ಟು, ಅದರ ಮೇಲೊಂದು ದೀರ್ಘ ಪ್ರಸ್ತಾವನೆ. ಆ ಪ್ರಸ್ತಾವನೆಗೆ ಸ್ವೀಡಿಷ್‌ನಲ್ಲಿ ‘ಕಪ್ಪಾ’ ಎನ್ನುತ್ತಾರೆ, ಅಂದರೆ ಮೇಲಂಗಿ.

ಈ ವ್ಯವಸ್ಥೆಯ ದೊಡ್ಡ ಗುಣ ಎಂದರೆ ಹೋದವರು ವಾಪಸ್ ಬಂದರು. ಮನೆ, ಮಕ್ಕಳು, ಹುದ್ದೆ ಎಲ್ಲ ಕಂಪಾಲಾದಲ್ಲೇ ಇದ್ದಾಗ ಚಳಿದೇಶದಲ್ಲಿ ನೆಲೆ ಹುಡುಕುವ ಗೋಜು ಯಾರಿಗೆ ಬೇಕು? ಐದು ವರ್ಷ ಒಟ್ಟಿಗೆ ಹೊರದೇಶಕ್ಕೆ ಕಳಿಸಿದ ಯೋಜನೆಗಳ ಪಾಡು ಬೇರೆಯೇ ಆಯಿತು. ನೈಜೀರಿಯಾದ ಯೊರುಬಾ ಭಾಷೆಯಲ್ಲಿ ‘ಜಾಪಾ’ ಎಂಬ ಮಾತಿದೆ, ಕಾಲಿಗೆ ಬುದ್ಧಿ ಹೇಳುವುದು ಎಂದರ್ಥ. ಈಗ ಅದು ವಿದೇಶಕ್ಕೆ ಹೋಗಿ ಅಲ್ಲೇ ಉಳಿಯುವುದಕ್ಕೆ ಇಡೀ ದೇಶದ ಬಳಕೆಯ ಪದ. ನೈಜೀರಿಯಾ ಕಂಪನಿಗಳ ಲಾಭದ ಮೇಲೆ ಶಿಕ್ಷಣ ತೆರಿಗೆ ಹಾಕಿ, ಟೆಟ್‌ಫಂಡ್ ಎಂಬ ನಿಧಿ ಮಾಡಿ, ಆ ಹಣದಲ್ಲಿ ಅಧ್ಯಾಪಕರನ್ನು ವಿದೇಶಕ್ಕೆ ಕಳಿಸಿತು. ಬೇರೆ ದೇಶಗಳ ಮುಂದೆ ಕೈಚಾಚದೆ ಸ್ವಂತ ಕಿಸೆಯಿಂದ ಮಾಡಿದ ಕೆಲಸ, ಅಷ್ಟರಮಟ್ಟಿಗೆ ಇಡೀ ಖಂಡಕ್ಕೆ ಮಾದರಿ. ಆದರೆ ಬಾಂಡ್ ಬರೆದುಕೊಟ್ಟವರಲ್ಲಿ ಕೆಲವರು ಬರಲೇ ಇಲ್ಲ. ಅಲ್ಲಿನ ನಾಣ್ಯ ನೈರಾದ ಬೆಲೆ ಕುಸಿದು, ಹೋದವರ ಫೀಸು ಕಟ್ಟುವುದೂ ಕಷ್ಟವಾಯಿತು. ಬಾರದವರನ್ನು ನಾನು ಬೈಯಲಾರೆ. ಊರಿನಲ್ಲಿ ಉಳಿದ ಅವರ ಸಹೋದ್ಯೋಗಿಗಳು 2022ರಲ್ಲಿ ಸಂಬಳ ಮತ್ತು ಅನುದಾನಕ್ಕಾಗಿ ಫೆಬ್ರವರಿಯಿಂದ ಅಕ್ಟೋಬರ್‌ವರೆಗೆ ಎಂಟು ತಿಂಗಳು ಮುಷ್ಕರ ಕೂತಿದ್ದರು.

ಒಬ್ಬಂಟಿಯಾಗಿ ಗೈಡಿನ ಕೃಪೆಗೆ ಕಾಯುವ ಬದಲು ಗುಂಪಾಗಿ ಓದಿಸಿದರೆ? ಈ ಯೋಚನೆ ಮೊದಲು ಬಂದದ್ದು ಅರ್ಥಶಾಸ್ತ್ರದವರಿಗೆ. ನೈರೋಬಿಯಲ್ಲಿ 1988ರಲ್ಲಿ ಹುಟ್ಟಿದ ಆಫ್ರಿಕನ್ ಎಕನಾಮಿಕ್ ರಿಸರ್ಚ್ ಕನ್ಸಾರ್ಟಿಯಂ, 2002ರಲ್ಲಿ ಹಲವು ವಿಶ್ವವಿದ್ಯಾಲಯಗಳನ್ನು ಸೇರಿಸಿ ಒಂದು ಜಂಟಿ ಪಿಎಚ್.ಡಿ. ಶುರು ಮಾಡಿತು. ಮೂಲ ಪಾಠ ಇಬಾದಾನ್, ದಾರ್ ಎಸ್ ಸಲಾಮ್‌ನಂಥ ಕಡೆ. ಐಚ್ಛಿಕ ವಿಷಯಗಳಿಗೆ ಯಾವ ಒಂದು ವಿಶ್ವವಿದ್ಯಾಲಯದಲ್ಲೂ ಸಾಕಷ್ಟು ಮೇಷ್ಟ್ರುಗಳಿಲ್ಲವಲ್ಲ, ಅದಕ್ಕಾಗಿ ಎಲ್ಲ ದೇಶಗಳ ವಿದ್ಯಾರ್ಥಿಗಳನ್ನೂ ಕೆಲವು ತಿಂಗಳು ನೈರೋಬಿಯಲ್ಲಿ ಸೇರಿಸಿ ಪಾಠ. ಮದುವೆಮನೆಗೆ ಹತ್ತು ಮನೆಯ ಪಾತ್ರೆ ತಂದು ಅಡುಗೆ ಮಾಡುವ ಕ್ರಮ.

ಆರೋಗ್ಯ ಮತ್ತು ಜನಸಂಖ್ಯೆಯ ಕ್ಷೇತ್ರದಲ್ಲಿ 2008ರಲ್ಲಿ ಇದನ್ನೇ ಇನ್ನಷ್ಟು ಹಿಗ್ಗಿಸಿದ ಕೂಟ ಕಾರ್ಟಾ. ನೈರೋಬಿಯ ಒಂದು ಸಂಶೋಧನಾ ಕೇಂದ್ರವೂ ಜೊಹಾನ್ಸ್‌ಬರ್ಗ್‌ನ ವಿಟ್ಸ್ ವಿಶ್ವವಿದ್ಯಾಲಯವೂ ಜೊತೆಯಾಗಿ ನಡೆಸುವ ಈ ಕೂಟದಲ್ಲಿ ಮಕೆರೆರೆ, ಇಬಾದಾನ್, ಇಫೆ, ಮಲಾವಿ, ರುವಾಂಡ ಎಲ್ಲ ಇವೆ. ವರ್ಷಕ್ಕೆ ಇಪ್ಪತ್ತು ಇಪ್ಪತ್ತೈದು ಮಂದಿಯ ಒಂದು ತಂಡ. ತಂಡದವರು ಪಿಎಚ್.ಡಿ. ಮುಗಿಯುವುದರೊಳಗೆ ನಾಲ್ಕು ಬಾರಿ, ಪ್ರತಿಸಲವೂ ಕೆಲವು ವಾರ, ಒಂದೆಡೆ ಸೇರುತ್ತಾರೆ. ಮೊದಲ ಸಲ ಪ್ರಶ್ನೆ ಕಟ್ಟುವುದು, ಆಮೇಲೆ ಮಾಹಿತಿಯ ವಿಶ್ಲೇಷಣೆ, ಬರವಣಿಗೆ, ಕೊನೆಗೆ ಮುಂದಿನ ದಾರಿ. ದಾದಿಯರಿಗೆ ಪಾಠ ಹೇಳುವವರು, ಸಂಖ್ಯಾಶಾಸ್ತ್ರದವರು, ಸಮಾಜಶಾಸ್ತ್ರದವರು ಒಂದೇ ಮೇಜಿನ ಸುತ್ತ. ಇನ್ನೂರಕ್ಕೂ ಹೆಚ್ಚು ಮಂದಿ ಹೀಗೆ ಸೇರಿದ್ದಾರೆ. ಕಾರ್ಟಾದ ಜಾಣತನ ನನಗೆ ಕಂಡದ್ದು ಇನ್ನೊಂದು ಕಡೆ. ಅವರು ಗೈಡುಗಳಿಗೂ ಕಾರ್ಯಾಗಾರ ಇಟ್ಟರು, ಗ್ರಂಥಪಾಲಕರನ್ನು, ರಿಜಿಸ್ಟ್ರಾರ್ ಕಚೇರಿಯವರನ್ನು, ಲೆಕ್ಕಪತ್ರ ವಿಭಾಗದವರನ್ನೂ ಕರೆದು ಕೂರಿಸಿದರು. ಪಿಎಚ್.ಡಿ. ಎಷ್ಟೋ ಸಲ ನಿಲ್ಲುವುದು ಮಹತ್ವದ ಬೌದ್ಧಿಕ ತೊಡಕಿನಿಂದಲ್ಲ. ಗ್ರ್ಯಾಂಟ್ ಬಿಡುಗಡೆಗೆ ಒಂದು ಸಹಿ ಬೀಳದೆ, ಪರೀಕ್ಷಕರಿಗೆ ಥೀಸಿಸ್ ಕಳಿಸುವ ಕಡತ ಮೇಜಿನಿಂದ ಮೇಜಿಗೆ ಸರಿಯದೆ. ಈ ಸಂಕಟ ಬಲ್ಲವರಿಗೆ ಧಾರವಾಡವೂ ಒಂದೇ, ಕಂಪಾಲಾವೂ ಒಂದೇ.

ಬೀಗ ಹಾಕಿದ ಕೊಠಡಿ

ಮಮ್ದಾನಿ 2010ರಲ್ಲಿ ಮಕೆರೆರೆಯ ಸಮಾಜ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿ ಬಂದಾಗ ಅವರು ಕಂಡದ್ದು ಹಣದ ಕೊರತೆಗಿಂತ ಹೆಚ್ಚಾಗಿ ಕನ್ಸಲ್ಟೆನ್ಸಿಯ ಹಾವಳಿ. ಪ್ರೊಫೆಸರುಗಳು ದಾನಿ ಸಂಸ್ಥೆಗಳಿಗೆ ವರದಿ ಬರೆದುಕೊಡುವುದರಲ್ಲಿ ಮುಳುಗಿದ್ದರು. 2011ರ ಒಂದು ಭಾಷಣದಲ್ಲಿ ಅವರು ಇಟ್ಟ ವಾದದ ಸಾರ ಇಷ್ಟು: ಬೇರೆಯವರು ಕೇಳಿದ ಪ್ರಶ್ನೆಗೆ ಉತ್ತರ ಹುಡುಕುವುದು ಕನ್ಸಲ್ಟೆನ್ಸಿ, ಪ್ರಶ್ನೆಯನ್ನೇ ಕಟ್ಟುವುದು ಸಂಶೋಧನೆ. 2012ರಲ್ಲಿ ಐದು ವರ್ಷಗಳ ಪಿಎಚ್.ಡಿ. ಆರಂಭವಾಯಿತು. ಮೊದಲೆರಡು ವರ್ಷ ಬರೀ ತರಗತಿ, ರಾಶಿ ಓದು, ಚರ್ಚೆ. ಚರಿತ್ರೆ, ರಾಜಕೀಯ, ಅರ್ಥವ್ಯವಸ್ಥೆ, ಸಾಹಿತ್ಯ ಎಲ್ಲ ಬೆರಕೆ. ಪೂರ್ಣಾವಧಿ ವಿದ್ಯಾರ್ಥಿಗಳು, ಕೈಯಲ್ಲಿ ಸ್ಟೈಪೆಂಡ್. ಬ್ರಿಟಿಷರು ಬಿಟ್ಟುಹೋದ ಕ್ರಮದಲ್ಲಿ ಅಭ್ಯರ್ಥಿ ಮೊದಲ ದಿನವೇ ಸಿನಾಪ್ಸಿಸ್ ಹಿಡಿದು ಬರಬೇಕು. ಇಲ್ಲಿ ಎರಡು ವರ್ಷ ಓದಿದ ಮೇಲೆ ಪ್ರಶ್ನೆ ಹುಟ್ಟಲಿ ಎಂದರು.

ಒಳ್ಳೆಯದೇ. ಆದರೆ ಎರಡು ವರ್ಷದ ತರಗತಿ ತೆಗೆದುಕೊಳ್ಳುವವರು ಯಾರು? ಸಂಸ್ಥೆಯಲ್ಲಿ ಸಂಶೋಧಕರಾಗಿ ನೇಮಕವಾಗಿದ್ದವರು ತಾನೇ? 2016ರ ಏಪ್ರಿಲ್‌ನಲ್ಲಿ ಅಲ್ಲಿನ ಸಂಶೋಧಕಿ, ಮಾನವಶಾಸ್ತ್ರಜ್ಞೆ ಸ್ಟೆಲ್ಲಾ ನ್ಯಾಂಜಿ ತಮ್ಮ ಕೊಠಡಿಗೆ ಬೀಗ ಬಿದ್ದದ್ದನ್ನು ಪ್ರತಿಭಟಿಸಿ ಕ್ಯಾಮೆರಾಗಳ ಮುಂದೆ ಬಟ್ಟೆ ಕಳಚಿ ನಿಂತರು. ನನ್ನ ನೇಮಕ ಸಂಶೋಧನೆಗೆ, ಪಿಎಚ್.ಡಿ. ತರಗತಿಗೆ ಪಾಠ ಮಾಡುವುದು ಒಪ್ಪಂದದಲ್ಲಿಲ್ಲ ಎಂಬುದು ಅವರ ವಾದ. ಪಾಠವೂ ಕೆಲಸದ ಭಾಗ ಎಂಬುದು ನಿರ್ದೇಶಕರ ವಾದ. ಆಫ್ರಿಕಾದ ಹಲವೆಡೆ ಹೆಣ್ಣು ಹೀಗೆ ಬೆತ್ತಲಾಗುವುದು ಶಾಪ ಹಾಕಿದಂತೆ. ಅದರ ಮುಂದೆ ಗಂಡಸರು ನಿಲ್ಲಲಾರರು ಎಂಬ ನಂಬಿಕೆಯಿದೆ. ಅಧ್ಯಕ್ಷ ಮುಸೆವೆನಿಯನ್ನು ಟೀಕಿಸಿ ಮುಂದೆ ಜೈಲಿಗೂ ಹೋದ ನ್ಯಾಂಜಿ ಅವರದು ಬೇರೆಯೇ ದೊಡ್ಡ ಕಥೆ. ಈ ಜಗಳದಲ್ಲಿ ಯಾರದು ಸರಿ ಎಂದು ದೂರದಿಂದ ತೀರ್ಪು ಕೊಡುವ ಉಮೇದು ನನಗಿಲ್ಲ. ಗಮನಿಸಬೇಕಾದದ್ದು ಜಗಳದ ವಸ್ತು. ಮತ್ತೆ ಸಮಯವೇ. ಒಬ್ಬರಿಗೆ ಓದಲು ಬಿಡುವು ಕೊಡಬೇಕಾದರೆ ಇನ್ನೊಬ್ಬರ ಬಿಡುವಿಗೆ ಕೈ ಹಾಕಬೇಕು.

ನಮ್ಮ ಊರುಗಳಿಗೂ ಈ ಕಥೆಯ ಒಂದು ಎಳೆ ಚಾಚಿಕೊಂಡಿದೆ. ಇಥಿಯೋಪಿಯಾ ತನ್ನ ವಿಶ್ವವಿದ್ಯಾಲಯಗಳನ್ನು ದಿಢೀರನೆ ಹೆಚ್ಚಿಸಿದಾಗ ಗುತ್ತಿಗೆಯ ಮೇಲೆ ಭಾರತದಿಂದ ಪ್ರೊಫೆಸರುಗಳನ್ನು ಕರೆಸಿಕೊಂಡಿತು. ಕರ್ನಾಟಕದಿಂದ ಹೋದವರೂ ಉಂಟು. ಮದ್ರಾಸ್ ಐಐಟಿ 2023ರಲ್ಲಿ ಝಾಂಜಿಬಾರ್‌ನಲ್ಲಿ ಕ್ಯಾಂಪಸ್ ತೆರೆಯಿತು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಆಫ್ರಿಕಾದ ಸಂಶೋಧಕರನ್ನು ಬಹಳ ವರ್ಷಗಳಿಂದ ಕಾಣುತ್ತೇವೆ. ಬಾಡಿಗೆ ಮನೆಯವರ ಬಾಯಲ್ಲಿ ಅವರೆಲ್ಲ ‘ಫಾರಿನ್ ಸ್ಟೂಡೆಂಟ್ಸ್’. ಅವರಲ್ಲಿ ಸ್ಟಡಿ ಲೀವ್ ಮೇಲೆ ಬಂದ ಮೇಷ್ಟ್ರುಗಳೂ ಇರುತ್ತಾರೆ, ಊರಿನಲ್ಲಿ ನೂರಾರು ಹುಡುಗರು ‘ಡಾಕ್ಟರ್’ ಎಂದು ಕರೆಯಲು ಕಾಯುತ್ತಿರುವವರು. ಗೈಡ್ ರಜೆಯಲ್ಲಿದ್ದರೆ ಕಾರಿಡಾರಿನ ಬೆಂಚಿನ ಮೇಲೆ ಅವರೂ ಕಾಯುತ್ತಾರೆ.

ಊರಿಗೆ ಮರಳಿದ ಮೇಲೆ ಏನು? ಕಾರ್ಟಾದವರು ಇದನ್ನೂ ಯೋಚಿಸಿ, ಮುಗಿಸಿ ಹೋದವರು ಸಂಶೋಧನೆ ಬಿಡದಿರಲೆಂದು ಮರುಪ್ರವೇಶದ ಸಣ್ಣ ಅನುದಾನ ಇಟ್ಟಿದ್ದಾರೆ. ಅದು ಬೇಕಾಗಿಯೇ ಇದೆ. ಹೊಸ ಡಾಕ್ಟರು ವಿಭಾಗಕ್ಕೆ ಕಾಲಿಟ್ಟ ಮೊದಲ ಸೋಮವಾರ, ಹೆಡ್ಡು ಎದ್ದು ನಿಂತು ಕೈಕುಲುಕುತ್ತಾರೆ, ಚಹಾ ತರಿಸುತ್ತಾರೆ. ಆಮೇಲೆ ಡ್ರಾಯರಿನಿಂದ ಟೈಂಟೇಬಲ್ ತೆಗೆದು ಮುಂದಿಡುತ್ತಾರೆ. ನಾಲ್ಕು ಪೇಪರು, ಪರೀಕ್ಷಾ ಸಮಿತಿ, ಜೊತೆಗೆ ಗೈಡ್ ಇಲ್ಲದೆ ಕಾಯುತ್ತಿರುವ ಆರು ಮಂದಿಯ ಹೆಸರು. ಆ ಆರು ಮಂದಿ ಆಗಲೇ ತಮ್ಮ ತಮ್ಮ ಕೊಠಡಿಗಳಲ್ಲಿ ಬೆಳಗಿನ ಪಾಠ ಮಾಡುತ್ತಿರುತ್ತಾರೆ.